ಶಿಕಾರಿ ಜೀಪಿನ ಆರು ತೂತು

ಕೊಪ್ಪದ ಮೈದಾನದಲ್ಲಿ ಹಳೇ ಗಾಡಿಗಳ ಮೇಳ ನಡೆದಿತ್ತು. ಒಳಗೆ ಕಾಲಿಟ್ಟ ಕೂಡಲೇ ನನ್ನ ಮೂಗಿಗೆ ಬಡಿದದ್ದು ನಿಂಬೆಯ ವಾಸನೆ. ನಿಜವಾದ ನಿಂಬೆಹಣ್ಣಿನದ್ದಲ್ಲ, ಕಾರಿನೊಳಗೆ ಕನ್ನಡಿಗೆ ನೇತುಹಾಕುತ್ತಾರಲ್ಲ, ಆ ಸೆಂಟಿನದ್ದು. ಸಾಲಾಗಿ ನಿಂತಿದ್ದ ಗಾಡಿಗಳ ಬಾಗಿಲುಗಳೆಲ್ಲ ತೆರೆದಿದ್ದವು, ಒಂದೊಂದರಿಂದಲೂ ಅದೇ ವಾಸನೆ ಬಿಸಿಲಿಗೆ ಕಾದು ಹೊರಗೆ ಬರುತ್ತಿತ್ತು. ಬೇರೆಯವರಿಗೆ ಅದು ಪರಿಮಳವೇ ಇರಬಹುದು. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ನಿಂಬೆ ಎಂದರೆ ನನ್ನ ಪಾಲಿಗೆ ವಾಂತಿಯ ವಾಸನೆ. ಹೀಗೆಂದರೆ ನೀವು ಮುಖ ಕಿವುಚಬಹುದು. ಕಿವುಚಿ, ಬೇಜಾರಿಲ್ಲ. ನಾನು ಮುಖ ಕಿವುಚಿಕೊಂಡೇ ದೊಡ್ಡವಳಾದವಳು.

ನಾನು ನರಸಿಂಹರಾಜಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಗಾಡಿಗಳ ಹುಚ್ಚು ನನಗಿಲ್ಲ, ಅಂಥ ಮೇಳಕ್ಕೆ ಹೋಗುವ ಪೈಕಿಯವಳೂ ಅಲ್ಲ. ನನ್ನನ್ನು ಅಲ್ಲಿಗೆ ದಬ್ಬಿದ್ದು ನನ್ನ ತಮ್ಮ. ಅವನು ಶೃಂಗೇರಿಯಲ್ಲಿ ಆಟೋ ಓಡಿಸುತ್ತಾನೆ. ಹಳೇ ಗಾಡಿ ಪ್ರಿಯರ ಒಂದು ವಾಟ್ಸಾಪ್ ಗುಂಪಿನಿಂದ ಯಾರೋ ಅವನಿಗೆ ಕಳಿಸಿದ ಫೋಟೋವನ್ನು ಅವನು ನನಗೆ ಕಳಿಸಿದ್ದ. ಕೆಂಪಗೆ ಹೊಳೆಯುವ ಜೀಪು, ಮುಂದೆ ನಾಲ್ಕು ದೊಡ್ಡ ಲೈಟು, ಕೆಳಗೆ 'ಎಸ್ಟೇಟ್ ಸಾಹೇಬರ ಶಿಕಾರಿ ಜೀಪು' ಎಂಬ ಒಕ್ಕಣೆ. ನಂಬರ್ ಪ್ಲೇಟು ಮಾತ್ರ ಹಳೆಯದನ್ನೇ ಉಳಿಸಿದ್ದರು. ನಮ್ಮಪ್ಪನ ಜೀಪು ಅದು. ಬಸರೀಕಟ್ಟೆಯಿಂದ ಕೊಪ್ಪಕ್ಕೆ ಜನ ಸಾಗಿಸಿದ ಬಾಡಿಗೆ ಜೀಪು. ತಮ್ಮ ಫೋನಿನಲ್ಲಿ ಕುದಿಯುತ್ತಿದ್ದ. "ಯಾವ ಸಾಹೇಬ ಅಕ್ಕ? ಯಾವ ಶಿಕಾರಿ? ಅಪ್ಪನ ಹೆಸರು ಎಲ್ಲೂ ಇಲ್ಲ. ಕೊಪ್ಪದ ಮೇಳಕ್ಕೆ ತರ್ತಾರಂತೆ. ನಂಗೆ ಆವತ್ತು ಬಾಡಿಗೆ ಉಂಟು, ನೀ ಹೋಗು. ಅದು ಯಾರ ಜೀಪು, ಎಂತಕ್ಕೆ ಓಡ್ತಿತ್ತು ಅಂತ ಅಷ್ಟೂ ಜನರ ಎದುರಿಗೆ ಹೇಳಿ ಬಾ." ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅಷ್ಟೇ ಕೆಲಸ ಇದ್ದದ್ದು ನನಗೆ.

ಬಸರೀಕಟ್ಟೆಯ ದಾರಿ ಬಲ್ಲವರಿಗೆ ಅಲ್ಲಿನ ತಿರುವುಗಳ ವಿಷಯ ಹೇಳಬೇಕಿಲ್ಲ. ಆಗಿನ ರಸ್ತೆಯಂತೂ ಇನ್ನೂ ಹಾಳು. ಅಪ್ಪ ಜೀಪಿಗೆ ಹತ್ತು ಜನರನ್ನು ಕೂರಿಸುವ ಜಾಗದಲ್ಲಿ ಹದಿನೆಂಟು ಜನರನ್ನು ತುಂಬುತ್ತಿದ್ದರು. ಕಾಫಿ ತೋಟದ ಕೆಲಸದವರು, ಜ್ವರದ ಮಕ್ಕಳು, ದಿನ ತುಂಬಿದ ಬಸುರಿಯರು, ಎರಡು ತಿಂಗಳಿಗೊಮ್ಮೆ ಪೇಟೆ ಕಾಣುವ ಮುದುಕಿಯರು. ವಾಂತಿ ಆಗದಿರಲಿ ಎಂದು ಕೆಲವರು ಪೇಪರ್ ಹಾಸಿಕೊಂಡು ಅದರ ಮೇಲೆ ಕೂರುವರು, ಕೆಲವರು ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿಕೊಳ್ಳುವರು. ಮೂರನೇ ತಿರುವಿನಲ್ಲಿ ಯಾರಾದರೊಬ್ಬರು ಶುರು ಮಾಡುವರು, ಅವರನ್ನು ಕಂಡು ಪಕ್ಕದವರು, ಅವರನ್ನು ಕಂಡು ಎದುರಿನವರು. ಅಪ್ಪ ಸೀಟಿನಡಿ ಒಂದು ಡಬ್ಬದಲ್ಲಿ ಬೂದಿ ಇಟ್ಟುಕೊಂಡಿರುತ್ತಿದ್ದರು. ಜೀಪು ನಿಲ್ಲಿಸಿ, ಇಳಿದು ಬಂದು, ತಾವೇ ಅದರ ಮೇಲೆ ಬೂದಿ ಚೆಲ್ಲುವರು. ಆಮೇಲೆ ರಸ್ತೆ ಪಕ್ಕದ ಒರತೆಯಿಂದ ಚೆಂಬಿನಲ್ಲಿ ನೀರು ತಂದು ವಾಂತಿ ಮಾಡಿಕೊಂಡವಳ ಬೊಗಸೆಗೆ ಹೊಯ್ಯುವರು, ಅವಳಿಗೆ ಮುಜುಗರ ಆಗಬಾರದೆಂದು ಮುಖ ಆಚೆ ತಿರುಗಿಸಿಕೊಂಡು. "ನಾಚ್ಕೆ ಎಂತಕ್ಕೆ ತಂಗಿ, ತಪ್ಪು ರಸ್ತೆದು, ನಿಂದಲ್ಲ" ಎನ್ನುವರು. ಅವರ ಬಾಯಿಂದ ಈ ಒಂದು ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನಗೆ ಆಗ ಅದು ಕೂಡ ಅಸಹ್ಯವೇ ಆಗುತ್ತಿತ್ತು.

ಸಂಜೆ ಜೀಪು ಬಂದು ನಮ್ಮ ಮನೆಯ ಎದುರು ನಿಂತರೆ ನಮ್ಮ ಕೆಲಸ ಶುರು. ರಸ್ತೆಗೆ ಅಂಟಿಕೊಂಡಂತಿದ್ದ ಎರಡು ಕೋಣೆಯ ಮನೆ ಅದು, ಮಗ್ಗುಲಿಗೆ ತಗಡಿನ ಶೆಡ್ಡು. ತಮ್ಮ ಕೊಡದಲ್ಲಿ ನೀರು ಹೊತ್ತು ತರುವನು, ನಾನು ತೆಂಗಿನ ನಾರು ಹಿಡಿದು ಜೀಪಿನ ಹಿಂದಿನ ನೆಲದ ತಗಡು ತಿಕ್ಕುವವಳು. ಅವಲಕ್ಕಿ, ಅನ್ನದಗುಳು, ವೀಳ್ಯದೆಲೆಯ ಕೆಂಪು, ಮಗುವಿನ ಮೊಸರಿನಂಥ ಹಾಲು, ಒಮ್ಮೊಮ್ಮೆ ಗಾಯದ ರಕ್ತ. ಯಾವ ಮನೆಯವರು ಬೆಳಿಗ್ಗೆ ಎಂತ ಉಂಡು ಹೊರಟರೆಂದು ನನಗೆ ಗೊತ್ತಾಗುತ್ತಿತ್ತು. ಅಮ್ಮ ಒಲೆಯ ಹತ್ತಿರದಿಂದಲೇ "ಉಸಿರು ಬಿಗಿ ಹಿಡ್ಕಂಡು ತಿಕ್ಕೇ, ಸತ್ತೋಗಲ್ಲ ನೀ" ಎನ್ನುವಳು. ಮುಗಿದ ಮೇಲೆ ಕೈಗೆ ತಿಕ್ಕಿಕೊಳ್ಳಲು ಅರ್ಧ ಹೋಳು ನಿಂಬೆ ಕೊಡುವಳು. ನೀರು ಹೋಗಲು ದಾರಿ ಇಲ್ಲದೆ ನಾವು ಬಟ್ಟೆಯಲ್ಲಿ ಒತ್ತಿ ಒತ್ತಿ ಹಿಂಡಬೇಕಾಗಿತ್ತು. ಒಂದು ದಿನ ನಾನು ತಿಕ್ಕುತ್ತ ತಿಕ್ಕುತ್ತ ನಾನೇ ಅದರೊಳಗೆ ವಾಂತಿ ಮಾಡಿಕೊಂಡೆ. ಅಪ್ಪ ನೋಡಿದರು. ಮಾರನೇ ದಿನ ಕೊಪ್ಪದ ವೆಲ್ಡಿಂಗ್ ಅಂಗಡಿಯಲ್ಲಿ ಜೀಪಿನ ಹಿಂದಿನ ತಗಡಿಗೆ ಆರು ತೂತು ಕೊರೆಸಿಕೊಂಡು ಬಂದರು, ಹೆಬ್ಬೆರಳು ತೂರುವಷ್ಟು ಅಗಲದವು. ಅಲ್ಲಿಂದ ಮುಂದೆ ಒಂದು ಕೊಡ ನೀರು ಹೊಯ್ದರೆ ಸಾಕು, ಎಲ್ಲ ಕೆಳಗೆ ಇಳಿದು ಹೋಗುತ್ತಿತ್ತು. ನನಗಾಗಿ ಅಪ್ಪ ಮಾಡಿಸಿಕೊಟ್ಟ ಒಂದೇ ಒಂದು ಸಾಮಾನು ಅಂದರೆ ಆ ತೂತುಗಳೇ ಇರಬೇಕು. ಚಿನ್ನದ ಓಲೆಯನ್ನು ಅವರು ಮಾಡಿಸಲೇ ಇಲ್ಲ.

ಆದರೆ ವಾಸನೆ ತೂತಿನಿಂದ ಇಳಿದು ಹೋಗುವುದಿಲ್ಲ. ಹೈಸ್ಕೂಲಿಗೆ ಕೊಪ್ಪಕ್ಕೆ ನಾನು ಅದೇ ಜೀಪಿನಲ್ಲಿ ಹೋಗುತ್ತಿದ್ದೆ. ಬೆಂಚಿನಲ್ಲಿ ಕೂತರೆ ಪಕ್ಕದ ಹುಡುಗಿ ಸ್ವಲ್ಪ ಸರಿಯುವಳು. ಒಂದು ದಿನ ಶಾಲೆಯ ಗೇಟಿನಲ್ಲಿ ಅಪ್ಪ ನನ್ನನ್ನು ಇಳಿಸಿ, ಮರೆತಿದ್ದ ಬುತ್ತಿ ಕೊಡಲು ಹಿಂದೆಯೇ ಬಂದರು. ಅಂಗಿಯ ತೋಳಿನ ಮೇಲೆ ಒಣಗಿದ ಕಲೆ ಇತ್ತು. ಯಾರೇ ಅದು ಎಂದು ಹುಡುಗಿಯರು ಕೇಳಿದರು. ಜೀಪಿನ ಡ್ರೈವರ್ ಎಂದೆ. ಸುಳ್ಳಲ್ಲವಲ್ಲ. ಅಪ್ಪನಿಗೆ ಕೇಳಿಸಿತು. ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ಹೋದರು. ಸಂಜೆ ಮನೆಯಲ್ಲಿ ಏನೂ ನಡೆದಿಲ್ಲವೆಂಬಂತೆ, "ನಾಳೆಯಿಂದ ನಿನ್ನ ಕೆಳಗಿನ ತಿರುವಲ್ಲೇ ಇಳಿಸ್ತೆ, ನಡ್ಕಂಡ್ ಹೋಗು" ಎಂದರು. ಮೂರು ವರ್ಷ ಹಾಗೆಯೇ ಇಳಿಸಿದರು. ನಾನು ಮೂರು ವರ್ಷ ಹಾಗೆಯೇ ಇಳಿದೆ. ಬೇಡ ಅಪ್ಪ, ಗೇಟಿನವರೆಗೆ ಬಾ ಎಂದು ಒಂದು ದಿನವೂ ನನ್ನ ಬಾಯಿಂದ ಬರಲಿಲ್ಲ.

ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಅಪ್ಪ ಹೋದ ವರ್ಷವೇ ಜೀಪನ್ನು ಗುಜರಿಯವನಿಗೆ ಕೊಟ್ಟೆವು. ತಮ್ಮ ಬೇಡವೆಂದ, ನಾನೇ ಹಟ ಹಿಡಿದು ಕೊಡಿಸಿದೆ. ಅದು ಹೊರಟ ದಿನ ಮೈ ಹಗುರಾದ ಹಾಗೆ ಆಯಿತು, ಮುಚ್ಚಿಟ್ಟು ಏನು ಪ್ರಯೋಜನ. ಮನೆ ಇದ್ದ ಜಾಗವೂ ಈಗ ಬೇರೆಯವರದ್ದು, ಹೋಮ್‌ಸ್ಟೇಗೆ ಬರುವವರ ಕಾರು ನಿಲ್ಲಿಸಲು ಅಲ್ಲಿ ಜಲ್ಲಿ ಹಾಸಿದ್ದಾರೆ. ಒಂದು ಸಲ ಆ ದಾರಿಯಲ್ಲಿ ಹೋಗುವಾಗ ನೋಡಿದೆ, ಅಮ್ಮನ ಒಲೆ ಇದ್ದ ಕಡೆ ಯಾರೋ ಚಿಪ್ಸಿನ ಖಾಲಿ ಪ್ಯಾಕೆಟ್ಟು ಬಿಸಾಕಿದ್ದರು. ನಿಮ್ಮ ಹಳೇ ಮನೆಯ ಜಾಗದಲ್ಲಿಯೂ ಇಂಥದ್ದೇ ಏನಾದರೂ ಬಿದ್ದಿರುತ್ತದೆ, ಹೋಗಿ ನೋಡಬೇಡಿ.

ಮೇಳದಲ್ಲಿ ಆ ಜೀಪನ್ನು ಹುಡುಕುವುದು ಕಷ್ಟವಾಗಲಿಲ್ಲ, ಹೆಚ್ಚು ಜನ ಮುತ್ತಿದ್ದದ್ದೇ ಅದಕ್ಕೆ. ಒಬ್ಬೊಬ್ಬರೂ ಹತ್ತಿ ಕೂತು, ಸ್ಟೇರಿಂಗ್ ಹಿಡಿದು, ತಲೆಗೆ ಹ್ಯಾಟು ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹ್ಯಾಟನ್ನು, ಗುಜರಿಯಿಂದ ಜೀಪು ಕೊಂಡು ಹೊಸದು ಮಾಡಿಸಿದ್ದ ಈಗಿನ ಯಜಮಾನರೇ ಇಟ್ಟಿದ್ದರು. ಸೀಟಿಗೆ ಚೌಕ ಚೌಕದ ಹೊಲಿಗೆ ಹಾಕಿದ ಕಂದು ರೆಕ್ಸಿನ್. ಹೊಲಿಗೆಯವಳಾದ ನನಗೆ ಮೊದಲು ಕಂಡದ್ದು ದಾರ ಎಳೆದುಕೊಂಡಿದ್ದ ಮೂಲೆ. ಹಿಂದೆ ಬಗ್ಗಿ ನೋಡಿದೆ. ತಗಡಿಗೆ ಕಪ್ಪು ಬಣ್ಣ ಬಳಿದಿದ್ದರು. ಆರೂ ತೂತು ಇದ್ದವು. ಪ್ರತಿಯೊಂದಕ್ಕೂ ಹಿತ್ತಾಳೆಯ ಬಳೆ ಕೂರಿಸಿ ಉಜ್ಜಿದ್ದರು. ಎರಡು ತೂತಿಗೆ ಒಂದು ಮರದ ಸ್ಟ್ಯಾಂಡು ಸಿಕ್ಕಿಸಿ ಅದರಲ್ಲಿ ಆಟದ ಕೋವಿಯೊಂದನ್ನು ನಿಲ್ಲಿಸಿದ್ದರು. ಯಜಮಾನರು, ಒಳ್ಳೇ ಮನುಷ್ಯನೇ, ನಗುಮುಖದವರು, ಮೈಕ್ ಹಿಡಿದು ವಿವರಿಸುತ್ತಿದ್ದರು. ಸಾಹೇಬರು ರಾತ್ರಿ ಶಿಕಾರಿಗೆ ಹೋಗುವಾಗ ಕೋವಿ ಸಿಕ್ಕಿಸಲು ಈ ತೂತುಗಳಂತೆ. ಜನ ಬಗ್ಗಿ ಬಗ್ಗಿ ತೂತಿನ ಫೋಟೋ ತೆಗೆದು ಅಲ್ಲೇ ಗುಂಪಿಗೆ ಕಳಿಸುತ್ತಿದ್ದರು. ಒಬ್ಬ ಬೆರಳು ತೂರಿಸಿ ನೋಡಿದ. ಥೂ, ಎಂಥ ಹೇಸಿಗೆ ಹುಟ್ಟಿತು ನನಗೆ. ಊರಿನ ಅರ್ಧ ಜನರ ಹೊಟ್ಟೆಯೊಳಗಿನದು ಇಳಿದು ಹೋದ ತೂತು ಅದು.

ನಾನು ಮುಂದೆ ಹೋಗಿ, ಇದು ನಮ್ಮಪ್ಪನ ಜೀಪು ಎಂದೆ. ಯಜಮಾನರಿಗೆ ಸಿಟ್ಟು ಬರುತ್ತದೆಂದು ತಿಳಿದಿದ್ದೆ, ಅವರಿಗೆ ಖುಷಿಯೋ ಖುಷಿ. "ಹೌದಾ ಅಕ್ಕ? ಎಷ್ಟು ದಿನದಿಂದ ಹುಡುಕ್ತಿದ್ದೆ ಮಾರಾಯ್ತಿ, ಇದರ ಮನೆಯವ್ರು ಯಾರಾದ್ರೂ ಸಿಕ್ತಾರಾ ಅಂತ. ಬನ್ನಿ, ನೀವೇ ಹೇಳಿ" ಎಂದು ಮೈಕನ್ನು ನನ್ನ ಕೈಗೇ ಕೊಟ್ಟರು. ಸುತ್ತ ಫೋನುಗಳು ಎದ್ದವು. ಅಪ್ಪನ ಹೆಸರು ಹೇಳಿದೆ. ಬಸರೀಕಟ್ಟೆ ಎಂದೆ. ಚಪ್ಪಾಳೆ ಬಿತ್ತು. "ಈ ತೂತಿನ ಕಥೆ ಹೇಳಿ ಅಕ್ಕ. ಕೋವಿ ನೋಡಿದ್ರಾ ನೀವು?" ಎಂದು ಅವರು ಕೇಳಿದರು. ಆ ತೂತು ಎಂದು ಬಾಯಿ ತೆರೆದೆ. ಎದುರಿಗೆ ನಿಂತ ಹುಡುಗಿ ಐಸ್‌ಕ್ರೀಮ್ ಚೀಪುತ್ತ ನನ್ನನ್ನೇ ನೋಡುತ್ತಿದ್ದಳು, ಮುಖದ ತುಂಬ ನಗು. ನಾನು ಆ ದಿನ ಒಳ್ಳೇ ಸೀರೆ ಉಟ್ಟು ಹೋಗಿದ್ದೆ. ವಾಂತಿ ಎಂಬ ಒಂದು ಮಾತು ಆಡಿದರೆ ಅವಳ ಮುಖ ಹೇಗಾಗುತ್ತದೆಂದು ನನಗೆ ಗೊತ್ತು, ಬೆಂಚಿನ ಮೇಲೆ ಸರಿದು ಕೂರುತ್ತಿದ್ದವಳ ಮುಖ ಅದು.

"ಹೌದು, ಕೋವಿ ಇಡ್ತಿದ್ರು" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಸಾಹೇಬ್ರು ನಮ್ಮಪ್ಪ ಇಲ್ದೆ ಶಿಕಾರಿಗೆ ಹೋಗ್ತಾನೇ ಇರ್ಲಿಲ್ಲ" ಎಂದೂ ಸೇರಿಸಿದೆ. ಯಾವ ಸಾಹೇಬ, ಯಾರಿಗೆ ಗೊತ್ತು. ಮಾತು ತಾನಾಗಿ ಬಂತು, ಬಹಳ ಸಲೀಸಾಗಿ ಬಂತು. ಐಸ್‌ಕ್ರೀಮಿನ ಹುಡುಗಿ ಬಂದು ನನ್ನ ಭುಜಕ್ಕೆ ಭುಜ ತಾಗಿಸಿ ಫೋಟೋ ತೆಗೆಸಿಕೊಂಡಳು.

ಬಸ್ಸಿನಲ್ಲಿ ಊರಿಗೆ ಬರುವಷ್ಟರಲ್ಲಿ ಆ ವೀಡಿಯೋ ಗುಂಪಿಗೆ ಬಿದ್ದು, ಅಲ್ಲಿಂದ ಎಲ್ಲೆಲ್ಲಿಗೋ ಹೋಗಿಬಿಟ್ಟಿತ್ತು. ಎಂಥ ಗಂಡೆದೆಯ ಮನುಷ್ಯ ಎಂದು ಒಬ್ಬರು ಬರೆದಿದ್ದರು. ಹಳೇ ಕಾಲದ ಗತ್ತೇ ಬೇರೆ ಎಂದು ಇನ್ನೊಬ್ಬರು. ತಮ್ಮನಿಗೂ ಯಾರೋ ಕಳಿಸಿರಬೇಕು. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಒಂದೇ ಸಾಲು ಬಂತು: "ಅಪ್ಪ ಕೋವಿ ಮುಟ್ಟಿದ್ದು ಯಾವಾಗ ಅಕ್ಕ?"

ಅವನಿಗೆ ಏನೆಂದು ಬರೆಯಲಿ. ಅವರು ಬದುಕಿದ್ದಾಗ ಡ್ರೈವರ್ ಎಂದೆ, ಸತ್ತ ಮೇಲೆ ಬೇಟೆಗಾರ ಎಂದೆ. ನಮ್ಮಪ್ಪ ಎಂತ ಮಾಡುತ್ತಿದ್ದರೆಂದು ನಾನು ಯಾರಿಗೂ ಹೇಳಲೇ ಇಲ್ಲ.