ಫಿರಂಗಿಗೆ ಕುಂಕುಮವಿಡದ ಆಚಾರ್ರು

ನಮ್ಮ ಆಚಾರ್ರಿಗೆ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಐವತ್ತು ವರ್ಷ ಕುಲುಮೆಯ ಮುಂದೆ ಒಂದೇ ಮಗ್ಗುಲಿಗೆ ವಾಲಿಕೊಂಡು ಕೂತು, ಕಿಡಿ ಸಿಡಿದು ಸಿಡಿದು, ಆ ಹುಬ್ಬು ಬೆಳೆಯುವುದನ್ನೇ ಬಿಟ್ಟಿತ್ತು. ಬಲಗಡೆಯದು ಮಾತ್ರ ಪೊದೆಯ ಹಾಗೆ. ಹಾಗಾಗಿ ಸಿಟ್ಟು ಬಂದಾಗ ಅವರ ಅರ್ಧ ಮುಖಕ್ಕೆ ಮಾತ್ರ ಸಿಟ್ಟು ಬಂದಂತೆ ಕಾಣುತ್ತಿತ್ತು, ಉಳಿದರ್ಧ ಏನನ್ನೋ ಕಂಡು ಬೆರಗಾದಂತಿರುತ್ತಿತ್ತು. ಹೊಸಬರು ಯಾವ ಅರ್ಧವನ್ನು ನಂಬಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. ನಾನಂತೂ ಬಲಗಡೆಯದನ್ನೇ ನಂಬುತ್ತಿದ್ದೆ. ದಿನಕ್ಕೆ ಹತ್ತು ಸಲ ಸಿಟ್ಟು ಬಂದರೆ ಒಂಬತ್ತು ಸಲ ಅದು ನ್ಯಾಯವಾದ ಸಿಟ್ಟೇ ಆಗಿರುತ್ತಿತ್ತು.

ಶ್ರೀರಂಗಪಟ್ಟಣದಿಂದ ಅರಕೆರೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಬಸ್ ಸ್ಟಾಪಿನ ಹಿಂದಿನ ಓಣಿಯಲ್ಲಿ ಅವರ ಕುಲುಮೆ, ಎದುರಿಗೇ ನಾನು ಬೋರ್ಡು ಬರೆಯುವ ಶೆಡ್ಡು. ಅವರ ಹೆಸರು ಊರಿನಲ್ಲಿ ಯಾರ ಬಾಯಲ್ಲೂ ಇರಲಿಲ್ಲ, ಎಲ್ಲರಿಗೂ ಆಚಾರ್ರು. ನಾನು ಅವರಿಗೆ ಪೇಂಟ್ರು.

ನಾನು ಬರೆದ ಬೋರ್ಡನ್ನು ಒಣಗಲು ಹೊರಗಿಟ್ಟರೆ ಸಾಕು, ಅವರು ಸುತ್ತಿಗೆ ಕೆಳಗಿಟ್ಟು, ಕಣ್ಣು ಕಿರಿದು ಮಾಡಿಕೊಂಡು, ಕೂತಲ್ಲಿಂದಲೇ ಓಣಿಗೆಲ್ಲ ಕೇಳುವಂತೆ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವರು. ತಪ್ಪು ಅಕ್ಷರ ಹುಡುಕಲು ಓದುತ್ತಿದ್ದರೆ ಸಹಿಸಬಹುದಿತ್ತು. ಅವರು ಓದುತ್ತಿದ್ದುದು ಸುಳ್ಳು ಹುಡುಕಲು.

"ಶು-ದ್ಧ ಹ-ಸು-ವಿ-ನ ತು-ಪ್ಪ. ಲೇ ಪೇಂಟ್ರು, ಅವ್ನ ಮನೇಲಿ ಹಸ ಎಲ್ಲದ್ಲಾ? ಡಾಲ್ಡಾ ಡಬ್ಬ ಎತ್ಕಂಡ್ ಓಗದ ನಾನೇ ನೋಡಿವ್ನಿ!"

"ಬರೆಸಿದವನು ಅವನು ಆಚಾರ್ರೇ, ನಂದೇನಿದೆ ಇದರಲ್ಲಿ?"

"ಬರ್ದ ಕೈ ಯಾರ್ದು? ನಿಂದಲ್ವೇನ್ಲಾ?"

ಇದು ನಮ್ಮಿಬ್ಬರ ನಿತ್ಯದ ಜಗಳ. ನಾನು ನಗುತ್ತಿದ್ದೆ. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ.

ಅಮಾವಾಸ್ಯೆ ದಿನ ಕುಲುಮೆಗೆ ರಜ. ಅವತ್ತು ಬೆಂಕಿ ಹೊತ್ತಿಸಬಾರದು, ಅಡಿಗಲ್ಲಿನ ಮೇಲೆ ಸುತ್ತಿಗೆ ಬೀಳಬಾರದು. ಬೇರೆ ಆಚಾರಿಗಳು ಮಲಗುತ್ತಿದ್ದರು, ಇಲ್ಲವೇ ನೆಂಟರ ಮನೆಗೆ ಹೋಗುತ್ತಿದ್ದರು. ನಮ್ಮವರು ಒಗೆದ ಪಂಚೆ ಉಟ್ಟು, ಚೀಲದಲ್ಲಿ ಒಂದು ಸಣ್ಣ ಸುತ್ತಿಗೆ, ಹಳೆಯ ಕ್ಯಾಲೆಂಡರ್ ಹಾಳೆ, ಒಂದು ತುಂಡು ಇದ್ದಿಲು ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಎಲ್ಲಿಗೆ ಎಂದರೆ ಫಿರಂಗಿ ಹುಡುಕಲು.

ಈ ಹುಚ್ಚು ಹತ್ತಿದ್ದು ನಮ್ಮೂರ ಆಲೆಮನೆಯಿಂದ. ಅಲ್ಲಿ ಬೆಲ್ಲದ ಕೊಪ್ಪರಿಗೆಯ ಪಕ್ಕ ಒಂದು ಕಬ್ಬಿಣದ ಕಂಬ ಹೂತಿತ್ತು. ಕಬ್ಬು ತಂದ ಎತ್ತುಗಳನ್ನು ಕಟ್ಟಿ ಕಟ್ಟಿ ಅದರ ಮೈ ನುಣ್ಣಗಾಗಿತ್ತು. ಅದು ತಲೆಕೆಳಗಾಗಿ ನೆಟ್ಟ ಫಿರಂಗಿ ಎಂದು ಊರಿಗೆಲ್ಲ ಗೊತ್ತಿತ್ತು, ಶ್ರೀರಂಗಪಟ್ಟಣದ ಕೋಟೆಯ ಕಾಳಗ ಮುಗಿದ ಮೇಲೆ ಯಾರೋ ಎಳೆದು ತಂದದ್ದಂತೆ. ಮೇಲೆ ಕಾಣುತ್ತಿದ್ದುದು ಫಿರಂಗಿಯ ಹಿಂಭಾಗ. ಅದರ ತುದಿಯಲ್ಲಿ ಕೈ ತೂರುವಷ್ಟು ಅಗಲದ ಒಂದು ಬಳೆ, ಬೆಸೆದದ್ದಲ್ಲ, ಫಿರಂಗಿಯ ಜೊತೆಗೇ ಎರಕ ಹೊಯ್ದದ್ದು. ಎತ್ತಿನ ಹಗ್ಗ ಕಟ್ಟಲು ಹೇಳಿ ಮಾಡಿಸಿದ ಹಾಗಿತ್ತು. ಊರವರಿಗೆ ಅಷ್ಟೇ ಸಾಕಾಗಿತ್ತು. ಆಚಾರ್ರಿಗೆ ಸಾಕಾಗಲಿಲ್ಲ.

"ಯಾವನೋ ಕಬ್ಬಿಣದೋನು ಇಷ್ಟು ಕಷ್ಟಪಟ್ಟು ಬಳೆ ಹೊಯ್ದವ್ನೆ ಅಂದ್ರೆ ಅದ್ಕೊಂದು ಕೆಲ್ಸ ಇರ್ಬೇಕು ಕಣ್ಲಾ. ಕೋಟೆ ಮ್ಯಾಲಿರೋ ಪಿರಂಗೀಲಿ ಇಂಥ ಬಳೆ ಇಲ್ಲ. ನೋಡ್ಕಂಡ್ ಬಂದಿವ್ನಿ."

ಹಾಗೆ ಶುರುವಾಯಿತು. ಕೆ.ಆರ್.ಪೇಟೆ ಕಡೆ ಒಂದು ಹಳ್ಳಿಯಲ್ಲಿ ಇಂಥದೇ ಬಳೆಯ ಫಿರಂಗಿ ಸಿಕ್ಕಿತು, ಚರಂಡಿಗೆ ಅಡ್ಡಲಾಗಿ ಮಲಗಿಸಿ ಮೇಲೆ ಚಪ್ಪಡಿ ಹಾಸಿದ್ದರು. ನಾಗಮಂಗಲದ ಒಂದು ಓಣಿಯ ತಿರುವಿನಲ್ಲಿ ಇನ್ನೊಂದು, ಗಾಡಿ ಬಂದು ಗೋಡೆಗೆ ಗುದ್ದದಿರಲೆಂದು ನೆಟ್ಟು ಸುಣ್ಣ ಬಳಿದದ್ದು. ಎರಡರ ಮೈ ಮೇಲೂ ಅವರು ಹಾಳೆ ಹಿಡಿದು ಇದ್ದಿಲು ತಿಕ್ಕಿಕೊಂಡು ಬಂದರು. ನಮ್ಮೂರಿನದರ ಮೇಲೂ ತಿಕ್ಕಿದರು. ಮೂರು ಹಾಳೆಯಲ್ಲೂ ಒಂದೇ ಗುರುತು ಮೂಡಿತು, ಕಾಗೆಯ ಹೆಜ್ಜೆಯಂಥ ಮೂರು ಗೆರೆ. ಆ ಹಾಳೆಗಳನ್ನು ಕುಲುಮೆಯ ಗೋಡೆಗೆ, ದೇವರ ಪಟದ ಪಕ್ಕ ಮೊಳೆ ಹೊಡೆದು ನೇತುಹಾಕಿದರು. ಕುಡುಗೋಲು ಹಣಿಸಿ ಹರಿತ ಮಾಡಿಸಲು ಬಂದವರು, "ಇದ್ಯಾವ ಕಾಗೆ ದೇವ್ರು ಆಚಾರ್ರೆ?" ಎಂದು ಕೇಳಿದರೆ ಬೈಸಿಕೊಂಡು ಹೋಗುತ್ತಿದ್ದರು.

ನಾಲ್ಕನೆಯದು ಪಾಂಡವಪುರದಲ್ಲಿ. ಮನೆಯ ಪಾಯ ತೆಗೆಯುವಾಗ ಸಿಕ್ಕಿದೆ ಎಂದು ಯಾರೋ ಹೇಳಿದರು. ಆಗ ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನವಿತ್ತು. ಪದ್ಧತಿ ಮುರಿಯದ ಮನುಷ್ಯ, ಕಾದು ಹೋದರು. ಹೋಗುವಷ್ಟರಲ್ಲಿ ಆ ಮನೆಯವರು ಅದನ್ನು ಗುಜರಿಗೆ ಹಾಕಿ, ಗುಜರಿಯವರು ದೊಡ್ಡ ಸುತ್ತಿಗೆಯಿಂದ ಒಡೆದು ಚೂರು ಮಾಡಿ, ಮುಕ್ಕಾಲು ಪಾಲು ಲಾರಿ ಹತ್ತಿಸಿಯಾಗಿತ್ತು. ಬಳೆ ಇದ್ದ ಒಂದು ತುಂಡನ್ನು ಬೇಡಿಕೊಂಡು, ಗೋಣಿಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತಂದರು. ಆ ಹೊತ್ತು ಅವರ ಮುಖದ ಎರಡು ಅರ್ಧವೂ ಒಂದೇ ಸಮ ಬಾಡಿತ್ತು.

ತುಂಡನ್ನು ಉಜ್ಜುವಾಗ ಬಳೆಯ ಬುಡದ ಸಂದಿಯಲ್ಲಿ ಬೆರಳ ತುದಿಯಷ್ಟು ಬಿಳಿಯ ಗಂಟೊಂದು ಸಿಕ್ಕಿತು. ಕಲ್ಲಲ್ಲ, ಸುಣ್ಣವಲ್ಲ. ನಡುವೆ ಸಣ್ಣ ತೂತು. ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಕಂಡಕಂಡವರಿಗೆ ತೋರಿಸಿದರು. ಕೊನೆಗೆ ಮಂಗಳೂರು ಕಡೆಯಿಂದ ಪಟ್ಟಣಕ್ಕೆ ಮೀನು ತರುವ ಲಾರಿ ಡ್ರೈವರೊಬ್ಬ ನೋಡಿದ ಕೂಡಲೇ ನಕ್ಕುಬಿಟ್ಟನಂತೆ. ಅದು ಸಮುದ್ರದ ಚಿಪ್ಪು. ನೀರಲ್ಲಿ ಬಿದ್ದ ಕಲ್ಲಿಗೆ, ಕಬ್ಬಿಣಕ್ಕೆ, ದೋಣಿಯ ತಳಕ್ಕೆ ಕಚ್ಚಿಕೊಂಡು ಬೆಳೆಯುವಂಥದು. ಉಳಿ ಹಾಕಿ ಕೆತ್ತಿದರೂ ಸಂದಿಯಲ್ಲಿ ಉಳಿದುಬಿಡುತ್ತದೆ ಎಂದು ಅವನೇ ಹೇಳಿದ.

ನನಗೂ ಕುತೂಹಲ ತಡೆಯಲಾಗಲಿಲ್ಲ. ಮೈಸೂರಿಗೆ ಹೋದಾಗ ಲೈಬ್ರರಿಯಲ್ಲಿ ಒಂದು ದಪ್ಪ ಪುಸ್ತಕ ತೆಗೆಸಿ ನೋಡಿದೆ. ಅದೇ ಬಳೆಯ ಚಿತ್ರವಿತ್ತು. ಹಡಗಿನ ಫಿರಂಗಿಗೆ ಇಂಥ ಬಳೆ ಇರುತ್ತಿತ್ತಂತೆ. ಗುಂಡು ಹಾರಿದಾಗ ಫಿರಂಗಿ ಹಿಂದಕ್ಕೆ ಒದೆಯುತ್ತದಲ್ಲ, ಅದು ಹಡಗಿನೊಳಗೆ ಉರುಳಿ ಹೋಗದಂತೆ ಬಳೆಯಲ್ಲಿ ಹಗ್ಗ ತೂರಿಸಿ ಬಿಗಿಯುತ್ತಿದ್ದರಂತೆ. ಕಾಗೆಯ ಹೆಜ್ಜೆ ಇಂಗ್ಲಿಷರ ಸರ್ಕಾರಿ ಸಾಮಾನಿನ ಗುರುತು. ಬಂದು ಹೇಳಿದೆ. ಆಚಾರ್ರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಬೂದಿಗುಡ್ಡೆಗೆ ಕ್ಯಾಕರಿಸಿ ಉಗಿದರು.

"ಥೂ! ಸಮುದ್ರದಲ್ಲಿ ಮುಳುಗಿದ್ದನ್ನ ಎತ್ತಿ, ಕೆರ್ದು, ತೊಳ್ದು, ಗಟ್ಟ ಅತ್ತಿಸ್ಕಂಡ್ ತಂದವ್ರಲ್ಲೋ, ನಮ್ಮೋರ್ ಮ್ಯಾಲೆ ಆರಿಸಕ್ಕೆ! ಮುಳುಗಿದ್ ಮ್ಯಾಲಾದ್ರೂ ಸುಮ್ನೆ ಬುಡಬಾರ್ದಾ? ಎಂಥ ಬಾಳ್ಲಾ ಅದು!"

ಅಂದಿನಿಂದ ಅವರಿಗೆ ಆ ಫಿರಂಗಿಗಳ ಮೇಲೆ ಅಸಹ್ಯ ಹುಟ್ಟಿತು. ಆದರೆ ಹುಡುಕುವುದನ್ನು ಬಿಡಲಿಲ್ಲ. ಆಲೆಮನೆಯದನ್ನು ಮಾತ್ರ ಕೆಲವು ಸಲ ಮುಟ್ಟಿ, "ಎತ್ತು ಕಟ್ಟಿಸ್ಕಂಡು ನಿಂತದೆ. ಇದ್ಕೆ ಇದೇ ಸರಿಯಾದ ಶಿಕ್ಷೆ," ಎನ್ನುತ್ತಿದ್ದರು.

ಇದಕ್ಕೆಲ್ಲ ಕಲ್ಲು ಹಾಕಿದ್ದು ನಮ್ಮೂರ ಅಭಿವೃದ್ಧಿ ಸಮಿತಿ. ಆರು ವರ್ಷದ ಹಿಂದೆ ದಸರೆಗೆ ಮುಂಚೆ ಸಮಿತಿಯ ಅಧ್ಯಕ್ಷರಿಗೆ ಪಟ್ಟಣಕ್ಕೆ ಬರುವ ಟೂರಿಸ್ಟರನ್ನು ನಮ್ಮೂರಿನಲ್ಲೂ ಇಳಿಸುವ ಯೋಚನೆ ಬಂತು. ಜೆಸಿಬಿ ತರಿಸಿ ಆಲೆಮನೆಯ ಫಿರಂಗಿಯನ್ನು ಕಿತ್ತರು. ಬಸ್ ಸ್ಟಾಪಿನಲ್ಲಿ ಸಿಮೆಂಟು ಕಟ್ಟೆ ಕಟ್ಟಿದರು. ಫಿರಂಗಿಗೆ ಚಿನ್ನದ ಬಣ್ಣ ಬಳಿದರು. ಚಿನ್ನದ ಬಣ್ಣ! ಕೂರಿಸಲು ಗಾಡಿಯ ದೊಡ್ಡ ಚಕ್ರ ತಂದು, ಅದರ ಸುತ್ತ ಕಬ್ಬಿಣದ ಹಳಿ ಕಟ್ಟಿಕೊಡಿ ಎಂದು ಆಚಾರ್ರ ಹತ್ತಿರ ಬಂದರು. ನನಗೆ ಬೋರ್ಡಿನ ಒಕ್ಕಣೆ ಕೊಟ್ಟರು: "ನಮ್ಮ ನಾಡನ್ನು ಕಾಯ್ದ ವೀರ ಫಿರಂಗಿ. ಶತ್ರುಗಳ ಎದೆ ನಡುಗಿಸಿದ ಹೆಮ್ಮೆಯ ಕುರುಹು."

ಆಚಾರ್ರು ಗೋಡೆಯ ಹಾಳೆ ಕಿತ್ತು ತಂದು ತೋರಿಸಿದರು. ಬೆಂಕಿಪೊಟ್ಟಣ ತೆರೆದು ಚಿಪ್ಪು ತೋರಿಸಿದರು. ಅಧ್ಯಕ್ಷರು ಮೊಬೈಲು ನೋಡುತ್ತಲೇ ಕೇಳಿಸಿಕೊಂಡರು.

"ಇರ್ಲಿ ಬುಡಿ ಆಚಾರ್ರೆ. ಯಾರ್ದಾದ್ರೇನು, ಪಿರಂಗಿ ಪಿರಂಗೀನೆ. ನೋಡೋರಿಗೇನ್ ಗೊತ್ತಾಯ್ತದೆ?"

"ನಂಗೊತ್ತು. ಈ ಪೇಂಟ್ರುಗೂ ಗೊತ್ತು. ಕೇಳಿ ಇವ್ನ್ನ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. ಫ್ಲೆಕ್ಸು ಬಂದ ಮೇಲೆ ಕುಂಚ ಕೇಳುವವರಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಸಿಕ್ಕ ಬೋರ್ಡು ಅದು. ಈ ಬೋರ್ಡು ಚೆನ್ನಾಗಿ ಬಂದರೆ ಊರಿನ ಗೋಡೆ ಬರಹವೆಲ್ಲ ನನಗೇ ಎಂದಿದ್ದರು. ಅದಕ್ಕಿಂತ ಹೆಚ್ಚಾಗಿ, ಊರೆಲ್ಲ ಒಂದು ಕಡೆ ಇರುವಾಗ ಎದುರು ಮಾತಾಡುವ ಧೈರ್ಯ ನನ್ನ ವಂಶದಲ್ಲೇ ಇಲ್ಲ.

"ನನಗೆ ಅಷ್ಟು ಸರಿಯಾಗಿ ಗೊತ್ತಿಲ್ಲ," ಎಂದೆ.

ಆಚಾರ್ರು ಬೆಂಕಿಪೊಟ್ಟಣ ಮುಚ್ಚಿದರು. ಸಮಿತಿಯವರು ಹೋದ ಮೇಲೆ ಓಣಿ ದಾಟಿ ಬಂದು ಮೆಲ್ಲಗೆ, "ಅವ್ರೇನಾರ ಮಾಡ್ಕಳ್ಲಿ. ನೀನ್ ಬರೀಬ್ಯಾಡ ಕಣ್ಲಾ," ಎಂದರು. ಬೇಡಿಕೊಂಡರು ಎಂದೇ ಹೇಳಬೇಕು. ಆ ಮನುಷ್ಯ ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಬರೆದೆ. ದಪ್ಪ ಅಕ್ಷರ, ಕೆಂಪು ನೆರಳು, ಸುತ್ತ ಬಳ್ಳಿ. ನನ್ನ ಕೈಯಿಂದ ಅಷ್ಟು ಅಂದವಾದ ಬೋರ್ಡು ಮತ್ತೆ ಬಂದಿಲ್ಲ. ಒಣಗಲು ಹೊರಗಿಟ್ಟಾಗ ಎದುರಿನಿಂದ ಓದುವ ದನಿ ಕೇಳಲಿಲ್ಲ. ಅವರು ನನಗೆ ಬೆನ್ನು ಮಾಡಿ ಕೂತು ತಿದಿ ಒತ್ತುತ್ತಿದ್ದರು.

ಆಯುಧಪೂಜೆ ದಿನ ಕಟ್ಟೆಯ ಸುತ್ತ ಊರೇ ಸೇರಿತ್ತು. ಚೆಂಡುಹೂವಿನ ಹಾರ, ಬಾಳೆಕಂದು, ಒಡೆಯಲು ಬೂದುಗುಂಬಳ. ಹಳಿಯನ್ನು ಬೇರೆ ಯಾರೋ ವೆಲ್ಡಿಂಗ್ ಮಾಡಿ ಅಂಟಿಸಿದ್ದರು. ಆದರೂ ನಮ್ಮೂರ ವಾಡಿಕೆಯಂತೆ ಕಬ್ಬಿಣಕ್ಕೆ ಮೊದಲ ಕುಂಕುಮ ಆಚಾರ್ರೇ ಇಡಬೇಕು. ಕರೆಸಿದರು. ಬಂದರು. ತಟ್ಟೆ ಮುಂದೆ ಹಿಡಿದರು. ಆಚಾರ್ರು ಕುಂಕುಮ ಮುಟ್ಟಲಿಲ್ಲ. ಕಟ್ಟೆ ಹತ್ತಿ, ಆ ಚಿನ್ನದ ಬಣ್ಣದ ಮೇಲೆ ಉಗಿದರು.

ಒಂದು ಕ್ಷಣ ಓಲಗದವನೂ ನಿಲ್ಲಿಸಿಬಿಟ್ಟ.

"ಇದ್ನ ಎಳ್ಕಂಡ್ ಬಂದ ಎತ್ತು ನಮ್ಮವು ಕಣ್ರಲಾ. ಇದ್ರಿಂದ ಒಡುಸ್ಕಂಡೋರು ನಮ್ಮೋರು. ಈಗ ಕುಂಕುಮಾನೂ ನಮ್ದೇಯಾ? ಥೂ, ನಿಮ್ಮ!"

ಗಲಾಟೆಯೆದ್ದಿತು. ಯಾರೋ ರಟ್ಟೆ ಹಿಡಿದು ಕೆಳಗಿಳಿಸಿದರು, ಇನ್ಯಾರೋ ನೂಕಿದರು, ಆಚಾರ್ರು ಕೈಯೂರಿ ಬಿದ್ದರು. "ತಲೆ ಕೆಟ್ಟದೆ ಬುಡ್ರಪ್ಪ, ವಯಸ್ಸಾಯ್ತು," ಎಂದರು ಅಧ್ಯಕ್ಷರು. ಫಿರಂಗಿಯನ್ನು ತೊಳೆದರು. ಪೂಜೆ ನಡೆಯಿತು. ನಾನು ಬೋರ್ಡಿನ ಪಕ್ಕದಲ್ಲೇ, ಶಾಲು ಹೊದೆಸಿಕೊಂಡು ನಿಂತಿದ್ದೆ. ಹೌದು, ಸಮಿತಿಯವರು ನನಗೆ ಶಾಲು ಹೊದೆಸಿದ್ದರು. ಬಿದ್ದವರನ್ನು ಎಬ್ಬಿಸಲು ಕೂಡ ಹೋಗಲಿಲ್ಲ.

ಆಮೇಲೆ ಜನ ಕುಲುಮೆಗೆ ಬರುವುದು ಕಡಿಮೆಯಾಯಿತು. ಕತ್ತಿ, ಗುದ್ದಲಿ ಎಲ್ಲ ವೆಲ್ಡಿಂಗ್ ಶಾಪಿಗೆ ಹೋದವು. ಆಚಾರ್ರು ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಎಂದಿನಂತೆ, "ಟೀ ಕುಡುದ್ಯೇನ್ಲಾ?" ಎಂದು ಕೇಳುತ್ತಿದ್ದರು. ಬೋರ್ಡು ಓದುವುದನ್ನು ಮಾತ್ರ ನಿಲ್ಲಿಸಿದ್ದರು.

ಎರಡು ವರ್ಷದ ಮೇಲೆ ಮಲಗಿದರು. ನೋಡಲು ಹೋದಾಗ ಮೈಯೆಲ್ಲ ಎಲುಬು, ಬಲಗಡೆಯ ಹುಬ್ಬು ಕೂಡ ಉದುರಿತ್ತು. ಬೆಂಕಿಪೊಟ್ಟಣವನ್ನು ದಿಂಬಿನಡಿಯಿಂದ ತೆಗೆದು ನನ್ನ ಅಂಗೈಗಿಟ್ಟರು.

"ಬೋರ್ಡಿನ ಬಣ್ಣ ಎಷ್ಟ್ ದಿನ ಬತ್ತದ್ಲಾ, ಪೇಂಟ್ರು?"

"ಐದಾರು ವರ್ಷ ಬರುತ್ತೆ, ಆಚಾರ್ರೇ."

"ಮಾಸಿದ್ ಮ್ಯಾಲೆ ತಿರ್ಗ ಬರ್ಸ್ತಾರಾ?"

"ಬರೆಸ್ತಾರೆ."

"ನಿನ್ ಕೈಲೇ ಬರ್ಸ್ತಾರೆ." ನನ್ನ ಬೆರಳುಗಳನ್ನು ಬೆಂಕಿಪೊಟ್ಟಣದ ಮೇಲೆ ಮಡಿಸಿದರು. "ಅವಾಗ್ ಸರಿಯಾಗ್ ಬರಿ."

ಬೈಯಲಿಲ್ಲ, ಅಷ್ಟೇ ಹೇಳಿದರು. ಮುಂದಿನ ಅಮಾವಾಸ್ಯೆಗೆ ಮೊದಲೇ ಹೋಗಿಬಿಟ್ಟರು.

ಈ ವರ್ಷ ದಸರೆಗೆ ಮುಂಚೆ ಸಮಿತಿಯವರು ಬಂದು, ಬೋರ್ಡು ಮಾಸಿದೆ, ಇದ್ದದ್ದರ ಮೇಲೆ ಇನ್ನೊಂದು ಕೈ ಎಳೆದುಬಿಡಿ ಎಂದರು. ಆಗಲಿ ಎಂದೆ. ಹಳೆಯದನ್ನು ಪೂರ್ತಿ ಕೆರೆದು ಹಾಕಿದೆ. ಬೆಂಕಿಪೊಟ್ಟಣವನ್ನು ಬಣ್ಣದ ಡಬ್ಬಗಳ ಪಕ್ಕ ಇಟ್ಟುಕೊಂಡು ಬರೆದೆ: "ಇದು ಇಂಗ್ಲಿಷರ ಹಡಗಿನ ಫಿರಂಗಿ. ಸಮುದ್ರದಿಂದ ಎತ್ತಿ, ನಮ್ಮ ಎತ್ತುಗಳಿಂದ ಎಳೆಸಿ, ಪಟ್ಟಣದ ಕೋಟೆಯಲ್ಲಿದ್ದ ನಮ್ಮವರ ಮೇಲೆ ಹಾರಿಸಲು ತಂದದ್ದು. ಇದನ್ನು ಪತ್ತೆ ಹಚ್ಚಿದವರು ಈ ಊರಿನ ಕುಲುಮೆಯ ಆಚಾರ್ರು." ಬಳ್ಳಿ ಬಿಡಿಸಲಿಲ್ಲ, ನೆರಳು ಕೊಡಲಿಲ್ಲ. ಊರು ನನ್ನನ್ನೂ ನೂಕಲಿ, ಉಗಿಯಲಿ, ಏನಾದರೂ ಆಗಲಿ ಎಂದು ಗಟ್ಟಿ ಮನಸ್ಸು ಮಾಡಿ ಕಟ್ಟೆಗೆ ನೆಟ್ಟು ಬಂದೆ.

ಆಯುಧಪೂಜೆ ದಿನ ಬೋರ್ಡಿನ ಪಕ್ಕದಲ್ಲೇ ನಿಂತಿದ್ದೆ. ಅಧ್ಯಕ್ಷರು ಬಂದರು. ಬೋರ್ಡಿಗೆ ಒರಗಿಕೊಂಡು ಫೋಟೋ ತೆಗೆಸಿಕೊಂಡರು. "ಪಸಂದಾಗ್ ಬಂದದೆ ಕಣಯ್ಯ," ಎಂದು ನನ್ನ ಬೆನ್ನು ತಟ್ಟಿದರು. ಜನ ಕುಂಕುಮವಿಟ್ಟರು, ಕಾಯಿ ಒಡೆದರು, ಉಳಿದ ಹಾರವನ್ನು ತಂದು ಬೋರ್ಡಿಗೇ ಹಾಕಿದರು. ಸಂಜೆಯವರೆಗೆ ಕಾದೆ. ಯಾರೂ ಓದಲಿಲ್ಲ.

ಇಷ್ಟಕ್ಕೇ ನಾನು ಅವತ್ತು ಹೆದರಿ ಸತ್ತದ್ದು? ಆರು ವರ್ಷದ ಹಿಂದೆಯೇ ಇದನ್ನು ಬರೆದಿದ್ದರೂ ಈ ಜನ ಹೀಗೇ ಬಂದು, ಹೀಗೇ ಹಾರ ಹಾಕಿ ಹೋಗುತ್ತಿದ್ದರು. ಆದರೆ ಅವತ್ತು ಬರೆದಿದ್ದರೆ, ಎದುರಿನ ಕುಲುಮೆಯಲ್ಲಿ ಒಬ್ಬರು ಸುತ್ತಿಗೆ ಕೆಳಗಿಟ್ಟು, ಕಣ್ಣು ಕಿರಿದು ಮಾಡಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓಣಿಗೆಲ್ಲ ಕೇಳುವಂತೆ ಓದುತ್ತಿದ್ದರು.