ಡೊಂಬಿವಲಿಯಲ್ಲಿ ಧಾರವಾಡದ ಚಳಿ

ಹಳೆಯ ರೇಜರುಗಳ ಹುಚ್ಚಿರುವವರ ವಾಟ್ಸಾಪ್ ಗ್ರೂಪಿನಲ್ಲಿ ಪರಿಚಯವಾದ ಧಾರವಾಡದ ಹಿರಿಯರೊಬ್ಬರು, ತಮ್ಮ ತಂದೆಯ ಹಿತ್ತಾಳೆ ರೇಜರನ್ನು ಕೊಡುತ್ತೇನೆಂದು ನನ್ನನ್ನು ಮುಂಬೈ ಬಳಿಯ ಡೊಂಬಿವಲಿಯ ತಮ್ಮ ಮನೆಗೆ ಕರೆದಿದ್ದರು. ಹೋದರೆ, ಎಸಿಯನ್ನು ಹದಿನಾರಕ್ಕಿಟ್ಟು ಶಾಲು ಹೊದ್ದು ದಾಡಿಗೆ ಕುಳಿತಿದ್ದರು.

"ಎಸಿ ಯಾಕೆ ಸರ್?" ಎಂದೆ.

"ಬಿಸಿನೀರಿಂದ ಉಗಿ ಏಳೂದು ಕಾಣಬೇಕಲ್ರಿ. ಚಳಿಗಾಲದಾಗ ನಮ್ಮಪ್ಪ ಕಟ್ಟಿ ಮ್ಯಾಲೆ ಕುಂತು ದಾಡಿ ಮಾಡ್ಕೊಳ್ಳುಮುಂದ ಉಗಿಯೊಳಗ ಅವರ ಮಾರೀನ ಕಾಣ್ತಿದ್ದಿಲ್ಲ."

ಮುಂದಿದ್ದ ಬಿಸಿನೀರಿನ ಮಗ್ಗಿನಿಂದ ಏಳುತ್ತಿದ್ದ ಉಗಿಗೆ ಮುಖವೊಡ್ಡಿ, ಅಪ್ಪನ ಅದೇ ರೇಜರಿನಿಂದ ದಾಡಿ ಮುಗಿಸಿದರು. ಆಮೇಲೆ ಅವರು ರೇಜರನ್ನು ಒರೆಸಿ ನನ್ನ ಕೈಗಿಟ್ಟರು, ಆದರೆ ಹಿಡಿದ ಬೆರಳು ಸಡಿಲಿಸಲಿಲ್ಲ.

"ನಿಮ್ಮಲ್ಲೇ ಇರಲಿ ಸರ್," ಎಂದೆ.

ನಾನು ಉಡುಪಿಯವ, ಚಳಿಗಾಲ ಕಂಡವನೇ ಅಲ್ಲ. ಆದರೂ ವಾಪಸು ಬರುವಾಗ, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಯಾರದೋ ಬೆವರು ಒರೆಸಿಕೊಳ್ಳುತ್ತ, ನನ್ನದಲ್ಲದ ಆ ಚಳಿಗಾಗಿ ಹಂಬಲಿಸುತ್ತಿದ್ದೆ.