ಫಕೀರಬಿ ಕೇಳಿದ ಭಾಗಾಕಾರ

ಫಕೀರಬಿ ಮೊದಲ ಸಲ ಶಾಲೆಯ ಅನ್ನ ಸೀಯಿಸಿದ್ದು ಮಳೆಯ ಪಾಠ ಕೇಳುತ್ತ. ಇದನ್ನು ಮುಚ್ಚಿಡುವುದೇಕೆ? ಅಡರಕಟ್ಟಿಯ ಆಚೆ, ಹಳ್ಳದ ಈ ದಂಡೆಗೆ ಎದ್ದ ಹೊಸ ಪ್ಲಾಟ್ ಎಂಬ ಬಡಾವಣೆಯ ಶಾಲೆಯಲ್ಲಿ ಬಿಸಿಯೂಟ ಶುರುವಾಗಿ ಎರಡು ವಾರವೂ ಆಗಿರಲಿಲ್ಲ. ಹೊಳೆಯ ನೀರು ಬಿಸಿಲಿಗೆ ಆವಿಯಾಗಿ ಮೇಲೇರಿ ಮೋಡವಾಗುತ್ತದೆ, ತಿರುಗಿ ಅದೇ ಮಳೆಯಾಗಿ ಇಳಿಯುತ್ತದೆ ಎಂದು ಸಕ್ರಪ್ಪ ಮಾಸ್ತರರು ನಾಲ್ಕನೇ ಇಯತ್ತೆಗೆ ಹೇಳುತ್ತಿದ್ದರು. ಫಕೀರಬಿ ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯಲ್ಲಿ ಹುಟ್ಟಿದವಳು. ಮದುವೆಯಾಗುವವರೆಗೆ ಆ ಹೊಳೆಯಿಂದ ಎಷ್ಟು ಕೊಡ ಹೊತ್ತಳೋ ಲೆಕ್ಕವಿಲ್ಲ. ಅಂಥವಳು ಐವತ್ತೆರಡನೆಯ ವಯಸ್ಸಿಗೆ ಈ ಮಾತು ಕೇಳಿ, ಸೌಟು ಹಿಡಿದುಕೊಂಡೇ ಅಂಗಳಕ್ಕೆ ಓಡಿ, ಬಾಯಿ ತೆರೆದು ಆಕಾಶ ನೋಡುತ್ತ ನಿಂತುಬಿಟ್ಟಳು.

"ಯಾ ಅಲ್ಲಾ! ಏ ಮಾಳವ್ವಾ, ಬಾರ ಇಲ್ಲಿ! ನಮ್ಮೂರ ಹೊಳಿ ಅಲ್ಲಿ ಮ್ಯಾಲ ನಿಂತೈತಂತ ನೋಡ!"

"ಮ್ಯಾಲ ನಿಂತದ್ದು ನಿಂತಿರ್ಲಿ. ಒಲಿ ಮ್ಯಾಲಿಂದು ಹೊತ್ತಾಕತ್ತೈತಿ, ಜಲ್ದಿ ಬಂದು ಇಳಸ" ಎಂದಳು ಜೊತೆಯ ಅಡುಗೆಯವಳು ಮಾಳವ್ವ.

ಆ ದಿನ ಮಕ್ಕಳು ಸೀದ ಅನ್ನ ಉಂಡರು. ಮಾಸ್ತರರು ಬೈದರು. ಫಕೀರಬಿಗೆ ಬೈಗುಳ ಕೇಳಿಸಿದಂತೆ ಕಾಣಲಿಲ್ಲ.

ಅವಳ ಬಾಳಿನಲ್ಲಿ ಹೇಳಿಕೊಳ್ಳುವಂಥ ದೊಡ್ಡ ಸಂಗತಿ ಏನಿಲ್ಲ. ಲಕ್ಷ್ಮೇಶ್ವರದ ಪಿಂಜಾರನನ್ನು ಮದುವೆಯಾಗಿ ಬಂದಳು. ಅರಳೆ ಹಿಂಜುವ ಬಿಲ್ಲಿನ ಸಪ್ಪಳ ಕೇಳಿಯೇ ಹತ್ತಿ ಬಿಡಿಸಿಕೊಂಡಿತೋ ಇಲ್ಲವೋ ಎಂದು ಒಳಗಿನಿಂದ ಹೇಳುತ್ತಿದ್ದಳು, ಗಂಡ ಕೈ ಹಾಕಿ ನೋಡುವ ಮೊದಲೇ. ಗಂಡ ತೀರಿಕೊಂಡ. ಮಗ ನಬಿಸಾಬ ಪೇಟೆಯಲ್ಲಿ ಗಾದಿ ಹೊಲಿಯುತ್ತಾನೆ. ಮೊಮ್ಮಗಳು ಗುಲ್ನಾಜ ಇದೇ ಶಾಲೆಗೆ ಬರುತ್ತಾಳೆ. ಫಕೀರಬಿ ಮಾತ್ರ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಅಕ್ಷರ ಎಂದರೆ ಅವಳಿಗೆ ಇರುವೆ ಸಾಲು, ಅಷ್ಟೇ.

ಆದರೆ ಅಡುಗೆಯ ಕೋಣೆ ಇದ್ದ ಜಾಗ ನೋಡಿ! ಶಾಲೆಗೆ ಇದ್ದದ್ದೇ ಎರಡು ಕೋಣೆ, ಎದುರುಬದುರು. ನಡುವಿನ ಕಿರಿದಾದ ಜಾಗಕ್ಕೆ ತಗಡು ಹೊದಿಸಿ ಒಲೆ ಹೂಡಿದ್ದರು. ಬಲಗಡೆಯ ಕಿಟಕಿಯಲ್ಲಿ ವಿದ್ಯಾಶ್ರೀ ಅಕ್ಕೋರ ಒಂದು, ಎರಡು, ಮೂರನೇ ಇಯತ್ತೆ. ಎಡಗಡೆಯ ಕಿಟಕಿಯಲ್ಲಿ ಸಕ್ರಪ್ಪ ಮಾಸ್ತರರ ನಾಲ್ಕು, ಐದು. ಐದೂ ಇಯತ್ತೆ ಒಬ್ಬಳದೇ ಕಿವಿಗೆ ಬೀಳುತ್ತಿದ್ದವು. ಅಂಥ ಭಾಗ್ಯ ಅಧಿಕಾರಿಗಳಿಗೂ ಇರಲಿಲ್ಲ.

ವರ್ಷ ತುಂಬುವಷ್ಟರಲ್ಲಿ ಅವಳಿಗೆ ಒಂದು ಗುಟ್ಟು ತಿಳಿಯಿತು. ಒಂದನೇ ಇಯತ್ತೆಯ ಕೂಸು ಕಡ್ಡಿ ಎಣಿಸುತ್ತದೆ. ಎರಡನೇ ಇಯತ್ತೆಯಲ್ಲಿ ಅದೇ ಕಡ್ಡಿಗಳನ್ನು ಹತ್ತರ ಕಟ್ಟು ಕಟ್ಟುತ್ತಾರೆ. ಮೂರನೆಯದರಲ್ಲಿ ಕಟ್ಟು ಬಿಚ್ಚಿ ಹಂಚುತ್ತಾರೆ. ಐದಕ್ಕೆ ಬಂದರೆ ಒಂದೇ ಕಡ್ಡಿಯನ್ನು ಮುರಿದು ಅರ್ಧ, ಕಾಲು, ಮುಕ್ಕಾಲು ಎನ್ನುತ್ತಾರೆ. ಎಲ್ಲವೂ ಆ ಮೊದಲಿನ ಕಡ್ಡಿಯೇ! ಇದು ಹೊಳೆದ ದಿನ ಫಕೀರಬಿ ಬೇಳೆ ತೊಳೆಯುವುದನ್ನು ಬಿಟ್ಟು ಕುಳಿತಳು. ಅವಳ ಮೈಮೇಲೆ ಮುಳ್ಳೆದ್ದಿದ್ದವು.

"ಯಾರ ಹಚ್ಚಿಟ್ಟಾರ ಇದನ್ನ ಹಿಂಗ, ಒಂದರ ಮ್ಯಾಲೊಂದು?" ಎಂದು ಮಾಳವ್ವನನ್ನು ಕೇಳಿದಳು.

"ಏನ ಹಚ್ಚಿಟ್ಟಾರ? ಗಡಿಗಿನ?"

"ಗಡಿಗಿ ಅಲ್ಲಲೇ, ಇದ್ಯಾ!"

ಹೀಗಿರುವಾಗ ಬಂತು ಗದಗಿನಿಂದ ಆದೇಶ. ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾಗಿ ಏಳು ವರ್ಷ ಆಗಿತ್ತು. ಹೊಸ ಜಿಲ್ಲೆಯ ಶಾಲೆಗಳು ಹೇಗೆ ನಡೆಯಬೇಕು, ಯಾವ ತಿಂಗಳು ಯಾವ ಪಾಠ ಮುಗಿಯಬೇಕು, ಎಷ್ಟು ಕೋಣೆಗೆ ಎಷ್ಟು ಇಯತ್ತೆ ಎಂಬುದಕ್ಕೆ ಜಿಲ್ಲೆಯದೇ ಒಂದು ಮಟ್ಟ ಗೊತ್ತುಮಾಡುತ್ತಾರಂತೆ. ಒಳ್ಳೆಯದೇ ಆಯಿತು ಎನ್ನಬೇಕು. ಆದರೆ ಕೊನೆಯ ಸಾಲು ಓದಿ ಸಕ್ರಪ್ಪ ಮಾಸ್ತರರ ಮುಖ ಇಳಿಯಿತು. ಎರಡೇ ಕೋಣೆಯ ಶಾಲೆಗಳನ್ನು ತಪಾಸಣೆ ಮಾಡಲಾಗುವುದು. ಮಟ್ಟಕ್ಕೆ ಬಾರದಿದ್ದರೆ ನಾಲ್ಕು ಮತ್ತು ಐದನೇ ಇಯತ್ತೆಯನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸಲಾಗುವುದು.

ಹತ್ತಿರದ ಶಾಲೆ ಹಳ್ಳದ ಆಚೆ. ಮಳೆಗಾಲದಲ್ಲಿ ಆ ಹಳ್ಳ ಎಮ್ಮೆಯನ್ನೇ ಎಳೆದೊಯ್ದಿತ್ತು.

"ಹಳ್ಳ ದಾಟಿಸಿ ಕೂಸಿನ್ನ ಕಳಸೂದಿಲ್ಲ ಯವ್ವಾ" ಎಂದ ನಬಿಸಾಬ, ಊಟಕ್ಕೆ ಕುಳಿತವನು. "ನಾಲ್ಕನೇತ್ತಿ ಅಲ್ಲಿಗೆ ಹೋದ್ರ ಗುಲ್ನಾಜಂದು ಶಾಲಿ ಅಲ್ಲಿಗೇ ಮುಗೀತು. ಮನ್ಯಾಗ ಗಾದಿಗೆ ದಾರ ಪೋಣಸ್ಲಿ."

ಅವನು ಕೆಟ್ಟವನಲ್ಲ. ಹೆದರಿದವನು. ಫಕೀರಬಿ ತನ್ನ ತಾಟು ಸರಿಸಿ ಎದ್ದಳು. ಕಡ್ಡಿ ಎಣಿಸಿದ ಕೂಸು ಕಡ್ಡಿ ಮುರಿಯುವುದನ್ನು ಕಲಿಯದೇ ಉಳಿಯುವುದೇ?

ವಿದ್ಯಾಶ್ರೀ ಅಕ್ಕೋರು ಮೂರು ದಿನ ಕುಳಿತು ದೊಡ್ಡ ಹಾಳೆಯ ಮೇಲೆ ವೇಳಾಪಟ್ಟಿ ಬರೆದರು. ಇಯತ್ತೆಗೊಂದು ಬಣ್ಣ. ಗೋಡೆಗೆ ಹಚ್ಚಿದರೆ ಎಷ್ಟು ಚೆಂದ! ಕಣ್ಣಿಗೆ ಏನೂ ಕೊರತೆ ಕಾಣಲಿಲ್ಲ. ಕಿವಿಗೆ ಹೇಗಿದೆ ಎಂದು ನೋಡುವುದು ಯಾರಿಗೂ ಹೊಳೆಯಲಿಲ್ಲ.

ದೀಪಾವಳಿ ರಜೆ ಮುಗಿದ ವಾರ ಶಿರಹಟ್ಟಿಯಿಂದ ಗವಿಸಿದ್ದೇಶ ಬಂದರು. ಮೂವತ್ತರ ಆಸುಪಾಸಿನ ಮನುಷ್ಯ, ತಪಾಸಣೆಯ ಹೊಣೆ ಹೊತ್ತವರು, ಎಂಟು ದಿನದಲ್ಲಿ ಮೂವತ್ತು ಶಾಲೆ ನೋಡಿ ಮುಗಿಸಬೇಕಾದ ಅವಸರ ಅವರದು. ಎರಡನೆಯ ತಾಸಿಗೆ ಎಡಗಡೆಯ ಕೋಣೆಯಲ್ಲಿ ಉಕ್ತಲೇಖನ ನಡೆದಿತ್ತು. ಬಲಗಡೆಯ ಕೋಣೆಯಲ್ಲಿ ಎರಡನೇ ಇಯತ್ತೆ ಗಂಟಲು ಹರಿಯುವ ಹಾಗೆ ಏಳರ ಮಗ್ಗಿ ಒದರುತ್ತಿತ್ತು. ಗವಿಸಿದ್ದೇಶ ಒಬ್ಬ ಹುಡುಗನ ನೋಟ್‌ಬುಕ್ ಎತ್ತಿ ನೋಡಿದರು. 'ನಮ್ಮ ನಾಡಿನ ಹದಿನಾಲ್ಕು ಹೊಳೆಗಳು' ಎಂದಿತ್ತು.

"ಹದಿನಾಲ್ಕು ಅಂತ ಹೇಳಿದ್ರೇನ್ರಿ ಸರ?"

"ನಾ ಎಲ್ಲಿ ಹೇಳ್ಲಿರಿ? ಆ ಕಿಟಕಿ ಹೇಳೇತಿ" ಎಂದರು ಮಾಸ್ತರರು, ಬೆವರು ಒರೆಸಿಕೊಳ್ಳುತ್ತ.

ಅದಕ್ಕೆ ನಕ್ಕುಬಿಡಬಹುದಿತ್ತು. ಮುಂದಿನದಕ್ಕೆ ನಗಲು ಆಗಲಿಲ್ಲ. ಗವಿಸಿದ್ದೇಶ ನಾಲ್ಕನೇ ಇಯತ್ತೆಗೆ ಒಂದು ಲೆಕ್ಕ ಕೊಟ್ಟರು: ಮೂವತ್ತಾರು ಪೇರಲಹಣ್ಣು, ನಾಲ್ಕು ಮಂದಿ, ಒಬ್ಬೊಬ್ಬರಿಗೆ ಎಷ್ಟು? ಹದಿನಾಲ್ಕು ಮಕ್ಕಳಲ್ಲಿ ಏಳು ಮಂದಿ ಕೈ ಎತ್ತಿದರು. ಉಳಿದ ಏಳು ಮಂದಿ ನೆಲ ನೋಡಿದರು. ಹಣ್ಣು ಬದಲಿಸಿ ಕೇಳಿದರು, ಮಂದಿ ಬದಲಿಸಿ ಕೇಳಿದರು. ಅದೇ ಏಳು ಮಂದಿ ನೆಲವನ್ನೇ ನೋಡಿದರು.

"ಅರ್ಧಾ ಇಯತ್ತೇನ ಮಟ್ಟಕ್ಕ ಬಂದಿಲ್ಲಲ್ರಿ ಸರ" ಎಂದರು ಗವಿಸಿದ್ದೇಶ. ದನಿಯಲ್ಲಿ ಬೇಸರವಿತ್ತು, ಸಿಟ್ಟಲ್ಲ. "ನಾ ಇದನ್ನ ಬರೀಲೇಬೇಕಾಗ್ತೈತಿ."

ಮಧ್ಯಾಹ್ನ ಗವಿಸಿದ್ದೇಶ, ಮಾಸ್ತರರು, ಅಕ್ಕೋರು ಮೂವರೂ ಕಟ್ಟೆಯ ಮೇಲೆ ಊಟಕ್ಕೆ ಕುಳಿತರು. ಫಕೀರಬಿ ಸಾರು ಬಡಿಸುತ್ತಿದ್ದಳು. ಅಡುಗೆಯವಳು ಪಾಠದ ಮಾತು ಆಡುವುದು ಉಂಟೇ? ಆಡದಿದ್ದರೆ ಗುಲ್ನಾಜಳ ಕೈಗೆ ಸೂಜಿ ಬರುವುದು ಖರೆ. ಅವಳು ಸಾರಿನ ಬಕೀಟನ್ನು ಕೆಳಗಿಟ್ಟಳು.

"ಸಾಹೇಬ್ರ, ಆ ಹುಡುಗೂರು ದಡ್ಡ ಅಲ್ರಿ. ಅವು ಭಾಗಾಕಾರ ಕೇಳೇ ಇಲ್ರಿ."

ಗವಿಸಿದ್ದೇಶ ನಕ್ಕರು. "ಹೌದೇನ್ಬೇ ಯವ್ವಾ? ನಿನಗ್ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ, ನನಗ ಕೇಳಸ್ತೈತಿ. ಹ್ವಾದ ವರ್ಷ ಅವು ಈ ಬಲಗಡೆ ಕಿಟಕ್ಯಾಗ ಇದ್ದೂರಿ, ಮೂರನೇತ್ತ್ಯಾಗ. ಅಕ್ಕೋರು ಭಾಗಾಕಾರ ಹಚ್ಚಿದ್ದು ಸಂಕ್ರಮಣ ಆದ ಮ್ಯಾಲೆ. ಅವಾಗ ಮೆಣಸಿನಕಾಯಿ ಬಿಡಸೂ ಕಾಲ. ಏಳು ದನಿ ಕಡಿಮಿ ಆದೂರಿ. ಈ ವರ್ಷ ಅವ ದನಿ ಎಡಗಡೆ ಕಿಟಕಿಗೆ ಬಂದೂ. ಪದ್ಯಾ ಹಾಡ್ತಾವ, ಮಗ್ಗಿ ಅಂತಾವ. ಸರ್ರು 'ಭಾಗಿಸಿರಿ' ಅಂದ ಕೂಡ್ಲೆ ಏಳೂ ಸುಮ್ಮಾಗ್ತಾವು."

ಗವಿಸಿದ್ದೇಶ ಕೈಯ ತುತ್ತನ್ನು ತಿರುಗಿ ತಾಟಿಗೆ ಇಟ್ಟರು.

"ಯಾರ್ಯಾರು ಅಂತ ಹೇಳಾಕ ಬರ್ತೈತೇನ?" ಎಂದರು ಗವಿಸಿದ್ದೇಶ, ಈ ಸಲ ನಗದೆ.

ಫಕೀರಬಿ ಕಣ್ಣು ಮುಚ್ಚಿದಳು. ಬಾಗಿಲ ಕಡೆಯಿಂದ ಶುರುಮಾಡಿದಳು. ಅಝೀಮ. ಅವನ ಮಗ್ಗುಲಿಗೆ ಕೂಡುವ ಮರಿಯವ್ವ. ಕೌಸರ. ಮೂಗಿನಲ್ಲಿ ಮಾತಾಡುವ ಕುರುಬರ ಹುಡುಗ. ಗೋಡೆಗೆ ಒರಗುವ ಅಕ್ಕತಂಗಿ ಇಬ್ಬರು. ಆರು ಆಯಿತು. ಅಲ್ಲಿಗೆ ನಿಂತಳು. ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಂಡಳು.

"ಏಳನೇದಾಕಿ ನಮ್ಮ ಗುಲ್ನಾಜರಿ. ನಾನ ಕರಕೊಂಡ ಹೋಗಿದ್ದೆ ಕಾಯಿ ಬಿಡಸಾಕ, ಶಾಲಿಗಿ ಬರೂ ಮದಲ ಹೊಲದಾಗ ಬಿಟ್ಟ ಬರ್ತಿದ್ದೆ. ಹದಿನೈದು ದಿನದಾಗ ಏನ ಹೋಗ್ತೈತಿ ಅಂದಿದ್ದೆ."

ಸಕ್ರಪ್ಪ ಮಾಸ್ತರರು ಎಂಜಲು ಕೈಯನ್ನು ಅರ್ಧ ತೊಳೆದು ಒಳಗೆ ಓಡಿದರು, ಟ್ರಂಕಿನಿಂದ ಹೋದ ವರ್ಷದ ಹಾಜರಿ ಪುಸ್ತಕ ತಂದರು. ಬರೆದದ್ದು ವಿದ್ಯಾಶ್ರೀ ಅಕ್ಕೋರ ಕೈಯೇ. ಜನವರಿ, ಫೆಬ್ರವರಿ. ಗವಿಸಿದ್ದೇಶರ ಬೆರಳು ಒಂದೊಂದೇ ಹೆಸರಿನ ಮೇಲೆ ಇಳಿಯಿತು. ಅಝೀಮ, ಗೈರು. ಮರಿಯವ್ವ, ಗೈರು. ಏಳಕ್ಕೆ ಏಳೂ ಗೈರು. ಎಂಟನೆಯ ಗೈರು ಎಲ್ಲಿಯೂ ಇಲ್ಲ.

"ಅಯ್ಯೋ ದೇವರ!" ಎಂದು ಅಕ್ಕೋರು ಬಾಯಿಗೆ ಕೈ ಇಟ್ಟುಕೊಂಡರು. "ಇವೆಲ್ಲಾ ನನ್ನ ಕೈಯಾಗ ಬರದದ್ದರಿ. ನನಗ ಗೊತ್ತ ಆಗ್ಲಿಲ್ಲಲ್ರಿ!"

ಗೊತ್ತಾಗುವುದು ಹೇಗೆ? ಅವರು ಗೈರು ಬರೆದರು, ಮಕ್ಕಳು ಮುಂದಿನ ಇಯತ್ತೆಗೆ ಹೋದವು. ಮಾಸ್ತರರು ಸುಮ್ಮನೆ ಕುಳಿತ ಮಕ್ಕಳನ್ನು ಕಂಡರು, ಹಿಂದಿನ ವರ್ಷ ಕಂಡಿರಲಿಲ್ಲ. ಎರಡನ್ನೂ ಕೇಳಿದವಳು ನಡುವೆ ಸಾರು ಕುದಿಸುತ್ತಿದ್ದಳು. ಗವಿಸಿದ್ದೇಶ ಪುಸ್ತಕ ಮುಚ್ಚಿ ಎದ್ದು ನಿಂತರು. ಎಂ.ಎ. ಓದಿದ ಮನುಷ್ಯ, ತರಬೇತಿ ಎಂದು ಊರೂರು ತಿರುಗಿದವರು, ಇಂಥದ್ದನ್ನು ಎಲ್ಲಿಯೂ ಕಂಡಿರಲಿಲ್ಲ. ಅವಳ ಎದುರು ಕೂತೇ ಮಾತಾಡಲು ಅವರಿಗೆ ಮನಸ್ಸಾಗಲಿಲ್ಲ.

"ಯವ್ವಾ, ನೀವು ಕುಂಡ್ರಿ" ಎಂದರು. ನೀನು ಹೋಗಿ ನೀವು ಆಗಿತ್ತು. "ಈ ವೇಳಾಪಟ್ಟಿ ಹೆಂಗ ಇರಬೇಕು, ನೀವ ಹೇಳ್ರಿ. ನಾ ಬರಕೊಂತೇನಿ."

"ನನಗೇನ ತಿಳೀತೈತ್ರಿ? ಈ ಕಿಟಕಿ ಮಾತಾಡಿದ್ರ ಆ ಕಿಟಕಿ ಬರೀಬೇಕು, ಅಷ್ಟ. ಮಗ್ಗಿ ಮಧ್ಯಾಹ್ನ ಉಂಡ ಮ್ಯಾಲೆ ಇಡ್ರಿ, ಕಣ್ಣ ಎಳಿಯೂ ಹೊತ್ತಿನ್ಯಾಗ ಒದರಿದ್ರ ಎಚ್ಚರ ಇರ್ತಾವು. ಭಾಗಾಕಾರ ಕಾಯಿ ಕೆಂಪಾಗೂ ಮದಲ ಮುಗಸ್ರಿ."

ಸಂಜೆಯ ಬಸ್ಸು ತಪ್ಪಿತು. ಗವಿಸಿದ್ದೇಶ ಬರೆಯುವುದು ನಿಲ್ಲಿಸಲಿಲ್ಲ. ಯಾವ ಇಯತ್ತೆ ಯಾವಾಗ ದಣಿಯುತ್ತದೆ, ಯಾವ ಪಾಠಕ್ಕೆ ಮಕ್ಕಳ ದನಿ ಏರುತ್ತದೆ, ಯಾವುದಕ್ಕೆ ಬೀಳುತ್ತದೆ, ಫಕೀರಬಿ ಅಕ್ಕಿ ಆರಿಸುತ್ತ ಹೇಳುತ್ತಲೇ ಇದ್ದಳು. ಕೊನೆಗೆ ಅವರು ತಾವೇ ತಂದಿದ್ದ ವೇಳಾಪಟ್ಟಿಯ ಅಚ್ಚಿನ ನಮೂನೆಯನ್ನು ಮಡಿಚಿ ಕಿಸೆಗೆ ಹಾಕಿದರು.

ಗದಗಿನ ಸಭೆಯಲ್ಲಿ ಏನಾಯಿತೋ ಹೊಸ ಪ್ಲಾಟಿನವರು ಕಂಡಿಲ್ಲ. ಅಡುಗೆಯವಳ ಮಾತಿಗೆ ಜಿಲ್ಲೆಯ ಮಟ್ಟ ಗೊತ್ತುಮಾಡುವುದೇ ಎಂದು ಯಾರೋ ದೊಡ್ಡವರು ನಕ್ಕರಂತೆ. ಗವಿಸಿದ್ದೇಶ ಮಾತಾಡದೆ ಹಾಜರಿ ಪುಸ್ತಕ ಮೇಜಿನ ಮೇಲೆ ಇಟ್ಟರಂತೆ. ಆಮೇಲೆ ಬೇರೆ ಬೇರೆ ತಾಲೂಕಿನ ಪುಸ್ತಕಗಳನ್ನೂ ತರಿಸಿ ನೋಡಿದರಂತೆ, ಮೆಣಸಿನಕಾಯಿ ಬೆಳೆಯುವ ಊರೂರಲ್ಲೂ ಅದೇ ಗೈರು. ಇತ್ತ ಒಂದು ತಿಂಗಳು ಫಕೀರಬಿ ಟಪಾಲಿನವನ ಸೈಕಲ್ಲು ಕಂಡರೆ ಒಲೆ ಬಿಟ್ಟು ಏಳುತ್ತಿದ್ದಳು. ಮಾಸ್ತರರು ಮಾತ್ರ ಕಾಯುತ್ತ ಕೂಡಲಿಲ್ಲ. ಆ ಏಳು ಮಂದಿಯನ್ನು ದಿನಾ ಒಂದು ತಾಸು ಮೊದಲೇ ಕರೆಸಿ, ಕಡ್ಡಿ ಕಟ್ಟು ಹಿಡಿದು ಮೊದಲಿನಿಂದ ಶುರುಮಾಡಿದರು. ಆಗಾಗ ಕಿಟಕಿಗೆ ಬಂದು, "ಹೆಂಗ ಕೇಳಸ್ತೈತಿ ಫಕೀರಬಿ, ಹೇಳ್ರೆಲಾ" ಎನ್ನುತ್ತಿದ್ದರು.

ಕಾಗದ ಬಂತು. ಮೆಣಸಿನಕಾಯಿ ಸೀಮೆಯ ಶಾಲೆಗಳಲ್ಲಿ ಮೂರನೇ ಇಯತ್ತೆಯ ಭಾಗಾಕಾರ ಇನ್ನು ಮುಂದೆ ದೀಪಾವಳಿ ರಜೆ ಮುಗಿದ ಕೂಡಲೇ. ಎರಡು ಕೋಣೆಯ ಶಾಲೆಗಳಿಗೆ, ಒಂದು ಕೋಣೆ ಓದಿದರೆ ಇನ್ನೊಂದು ಬರೆಯುವ ವೇಳಾಪಟ್ಟಿ. ಹೊಸ ಪ್ಲಾಟಿನ ನಾಲ್ಕು, ಐದನೇ ಇಯತ್ತೆ ಇದ್ದಲ್ಲಿಯೇ ಇರತಕ್ಕದ್ದು. ಅಕ್ಕೋರು ಅದನ್ನು ಒಲೆಯ ಮುಂದೆ ನಿಂತು ಎರಡು ಸಲ ಓದಿದರು. ಫಕೀರಬಿ ಮೂರನೆಯ ಸಲವೂ ಓದಿಸಿದಳು.

ಮರುದಿನ ಹಿಟ್ಟು ನಾದುತ್ತಿದ್ದಳು. ಎಡಗಡೆಯ ಕಿಟಕಿಯಿಂದ ಮಾಸ್ತರರ ದನಿ ಬಂತು.

"ಐವತ್ತಾರು ಕಡ್ಡಿ, ಎಂಟು ಮಂದಿ. ಯಾರ ಹೇಳ್ತೀರಿ?"

"ಏಳ್ರೀ ಸರ!"

ಗಟ್ಟಿಯಾದ, ಗಂಟೆ ಹೊಡೆದಂಥ ದನಿ. ಫಕೀರಬಿ ಕೈ ನಿಲ್ಲಿಸಿದಳು. ಶಾಲೆಯ ಅರವತ್ತು ದನಿಯಲ್ಲಿ ಅವಳಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಇದು ಗೊತ್ತಾಗಲಿಲ್ಲ.

"ಏ ಮಾಳವ್ವಾ, ಯಾರ ಆ ಹುಡುಗಿ? ಹೊಸಾಕಿ ಬಂದಾಳೇನ ಶಾಲಿಗಿ?"

ಮಾಳವ್ವ ಕಿಟಕಿಯಲ್ಲಿ ಇಣುಕಿದಳು. ಇಣುಕಿ, ತಿರುಗಿ, ಫಕೀರಬಿಯ ಮುಖ ನೋಡಿದಳು.

"ಹುಚ್ಚಿ, ನಿಮ್ಮ ಗುಲ್ನಾಜ ಆಕಿ."

ಫಕೀರಬಿಯ ಕಣ್ಣಿಂದ ನೀರು ಇಳಿದು ಹಿಟ್ಟಿನ ಪರಾತಕ್ಕೆ ಬಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ. ಎದ್ದು, ಹಿಟ್ಟು ಮೆತ್ತಿದ ಕೈಯಲ್ಲೇ ಕಿಟಕಿಯ ಸರಳು ಹಿಡಿದು ನಿಂತಳು.

"ಸರ್ರ," ಎಂದಳು, ಪಾಠದ ನಡುವೆ ಬಾಯಿ ಹಾಕಿದ್ದು ಅದೇ ಮೊದಲು, "ಇನ್ನೊಂದ ಲೆಕ್ಕಾ ಕೇಳ್ರಿ ಆಕೀನ."